ಒಳ್ಳೆ ಕೆಲಸಕ್ಕೆ ದುಡ್ಡು ಹೋಗೋ ಕನ್ನಡಕವೇ ಬೇಕು ಅಂದ್ರು ಅತ್ತಿಗೆ: ಒಂದು ಪೂರ್ತಿ ಪ್ರಕರಣ

ಕನ್ನಡಕದ ಲೈನಲ್ಲಿ ಇರೋರಿಗೆ ಈಗೀಗ ಒಂದು ಹೊಸ ಥರದ ಗಿರಾಕಿ ಸಿಗ್ತಾರೆ. ಪವರ್ ಚೀಟಿ ಕೈಗೆ ಕೊಡೋಕೆ ಮುಂಚೇನೇ ಈ ಕಂಪನಿ ಬಡವರಿಗೆ ಏನಾದ್ರೂ ಮಾಡುತ್ತಾ, ಈ ಪ್ಲಾಸ್ಟಿಕ್ ಎಲ್ಲಿಂದ ಬಂತು ಅಂತ ಶುರು ಮಾಡ್ತಾರೆ. ಕೇಳೋದು ಒಳ್ಳೇದೇ, ಆದ್ರೆ ಕೌಂಟರ್ ಈಚೆ ನಿಂತಿರೋ ನಮಗೆ ಎಷ್ಟೋ ಸಲ ಉತ್ತರ ಗೊತ್ತಿರಲ್ಲ, ಟ್ಯಾಗ್ ಮೇಲೆ ಪ್ರಿಂಟ್ ಆಗಿರೋದನ್ನೇ ಓದಿ ಹೇಳ್ತೀವಿ. ನಮ್ಮ ಅತ್ತಿಗೆದು ಇದೇ ಕೇಸು. ಮನೆಯೋರೇ ಆಗಿದ್ರಿಂದ ಟ್ಯಾಗ್ ಓದಿ ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ಲ, ಕೊನೆವರೆಗೂ ಜೊತೆಗೇ ಕೂತೆ. ಇಂಥ ಕನ್ನಡಕ ಹುಡುಕ್ತಿರೋರಿಗೆ ಉಪಯೋಗ ಆಗ್ಬಹುದು ಅಂತ ಬರೀತಿದೀನಿ.

ಮೊದಲು ಕಣ್ಣಿನ ವಿಷಯ, ಯಾಕಂದ್ರೆ ಎಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೆ. ವಯಸ್ಸು 47, ಅಕೌಂಟ್ಸ್ ಕೆಲಸ, ದಿನವಿಡೀ ಸ್ಕ್ರೀನ್ ಮುಂದೆ. ಬಲಗಣ್ಣು ಮೈನಸ್ 5.25, ಎಡಗಣ್ಣು ಮೈನಸ್ 4.75, ಸ್ವಲ್ಪ ಸಿಲಿಂಡರ್ (ಓರೆ ನೋಟ ಸರಿ ಮಾಡೋ ಪವರ್), ಈ ಸಲ ಹೊಸದಾಗಿ ಓದೋ ನಂಬರ್ ಪ್ಲಸ್ 1.50 ಸೇರ್ಕೊಂಡಿತ್ತು. ಎರಡು ಕಣ್ಣುಪಾಪೆ ನಡುವಿನ ಅಂತರ, ಅಂದ್ರೆ ಪಿಡಿ, 60 ಮಿಲಿಮೀಟರ್. ಹಳೇ ಕನ್ನಡಕ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಫ್ರೇಮು, ಕಡ್ಡಿ ಒಳಗಡೆ 48-19 ಅಂತ ಅಳತೆ. ಬಲಗಡೆ ಹಿಂಜ್ ಸಡಿಲ, ಕಿವಿ ಹಿಂದೆ ಬೆವರು ತಾಗೋ ಜಾಗದಲ್ಲಿ ಬೆಳ್ಳಗೆ ಬೂದು ಹಿಡಿದಂಗೆ ಆಗಿತ್ತು, ಲೆನ್ಸ್ ಕೋಟಿಂಗ್ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಬಿಲ್ ಓದ್ಬೇಕಾದ್ರೆ ಕನ್ನಡಕ ತೆಗೆದು ಹಾಳೇನ ಮೂಗಿನ ಹತ್ರ ಹಿಡ್ಕೊಳ್ತಿದ್ರು.

"ನೋಡಪ್ಪ, ಹೆಂಗೂ ಹೊಸದು ತಗೋಬೇಕು, ಆ ದುಡ್ಡಲ್ಲಿ ಯಾರಿಗಾದ್ರೂ ಉಪಕಾರ ಆಗೋ ಹಂಗಿದ್ರೆ ಅದೇ ಇರ್ಲಿ" ಅಂದ್ರು. ಮೊಬೈಲಲ್ಲಿ ಆಗಲೇ ನಾಲ್ಕು ಫೋಟೋ ಸೇವ್ ಮಾಡಿಟ್ಕೊಂಡಿದ್ರು: ಮೀನಿನ ಬಲೆಯಿಂದ ಮಾಡಿದ್ದು ಒಂದು, ಮರದ ಫ್ರೇಮ್ ಒಂದು (ಒಂದು ತಗೊಂಡ್ರೆ ಒಂದು ಗಿಡ ನೆಡ್ತಾರಂತೆ), ಒಂದು ಕೊಂಡ್ರೆ ಇನ್ನೊಂದು ದಾನ ಅನ್ನೋ ಕಂಪನಿದು ಒಂದು, ಬಯೋ ಅಸಿಟೇಟ್ ಅಂತ ಒಂದು.

ಬಲೆ ಫ್ರೇಮಿಂದಲೇ ಶುರು ಮಾಡಿದ್ವಿ, ಅದೇ ಅವರಿಗೆ ಇಷ್ಟ ಆಗಿತ್ತು. ಈ ಜಾತಿ ಫ್ರೇಮ್‌ಗಳು ಸುಳ್ಳಲ್ಲ. ಕೋಸ್ಟಾ ಅನ್ನೋ ಸನ್‌ಗ್ಲಾಸ್ ಕಂಪನಿ 2018ರಲ್ಲಿ ಬಲೆ ಮರುಬಳಕೆ ಮಾಡೋ ಬ್ಯೂರಿಯೋ ಕಂಪನಿ ಜೊತೆ ಸೇರಿ ಹಳೇ ಬಲೆಗಳ ಪ್ಲಾಸ್ಟಿಕ್ಕಿಂದ ಒಂದು ಸಾಲು ತಂತು, ಸ್ಪೇನಿನ ಸೀ2ಸೀ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ವಾಟರ್‌ಹಾಲ್ ಇವರೂ ಇದೇ ದಾರೀಲಿ ಇರೋರು. ಬಲೆಗಳಲ್ಲಿ ಬಹಳಷ್ಟು ನೈಲಾನಿಂದು, ನೈಲಾನ್ ಕರಗಿಸಿ ಮತ್ತೆ ಅಚ್ಚು ಹೊಯ್ಯಬಹುದು, ಹಾಗಾಗಿ ತಾಂತ್ರಿಕವಾಗಿ ಸರಿಯಾದ ಕೆಲಸ. ಒಂದು ವಿಷಯ ಮಾತ್ರ ಗ್ರಾಹಕರಿಗೆ ಹೊಳೆಯಲ್ಲ. ಸಮುದ್ರದ ಪ್ಲಾಸ್ಟಿಕ್ ಅಂದ ತಕ್ಷಣ ಯಾರೋ ತಳಕ್ಕೆ ಮುಳುಗಿ ಎತ್ಕೊಂಡು ಬಂದ್ರು ಅನ್ಕೋತೀವಿ, ಆದ್ರೆ ಎಷ್ಟೋ ಕಡೆ ಅದು ಬಂದರಲ್ಲಿ ಮೀನುಗಾರರು ಹಳೇದಾಯ್ತು ಅಂತ ವಾಪಸ್ ಕೊಡೋ ಬಲೆ. ಅದೂ ಒಳ್ಳೇದೇ, ಕೊಡೋಕೆ ಜಾಗ ಇಲ್ದಿದ್ರೆ ಅದು ನೀರಿಗೇ ಹೋಗ್ತಿತ್ತು. ಆದ್ರೆ ಎರಡೂ ಬೇರೆ ಬೇರೆ ಕೆಲಸ, ಯಾವುದು ಅಂತ ಕಂಪನಿ ಬಿಡಿಸಿ ಹೇಳ್ಬೇಕು.

ಅತ್ತಿಗೆಗೆ ತೊಂದ್ರೆ ಬಂದಿದ್ದು ಬಲೆಯಿಂದ ಅಲ್ಲ, ಅಳತೆಯಿಂದ. ಆ ಫ್ರೇಮ್ 55-17. ಅಂದ್ರೆ ಒಂದೊಂದು ಗಾಜಿನ ಅಗಲ 55, ಮೂಗಿನ ಸೇತುವೆ 17, ಒಟ್ಟು 72. ಇವರ ಪಿಡಿ 60. ಹಂಗಾದ್ರೆ ಲೆನ್ಸಿನ ಮಧ್ಯಬಿಂದುನ ಒಂದೊಂದು ಕಡೆ 6 ಮಿಲಿಮೀಟರ್ ಮೂಗಿನ ಕಡೆ ಸರಿಸ್ಬೇಕು, ಹೊರಗಿನ ಅಂಚು ಮಧ್ಯದಿಂದ 33.5 ಮಿಲಿಮೀಟರ್ ದೂರ ಹೋಗುತ್ತೆ. ಮೈನಸ್ ಲೆನ್ಸು ಮಧ್ಯೆ ತೆಳು, ಅಂಚಲ್ಲಿ ದಪ್ಪ, ದೂರ ಹೋದಷ್ಟೂ ದಪ್ಪ ಏರೋದು ದೂರದ ವರ್ಗದ ಲೆಕ್ಕದಲ್ಲಿ, ಅಂದ್ರೆ ದೂರ ಎರಡರಷ್ಟಾದ್ರೆ ಏರಿಕೆ ನಾಲ್ಕರಷ್ಟು. ಸಾಮಾನ್ಯ 1.5 ಇಂಡೆಕ್ಸ್ (ಲೆನ್ಸ್ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಸಂಖ್ಯೆ, ಜಾಸ್ತಿ ಇದ್ದಷ್ಟೂ ಲೆನ್ಸ್ ತೆಳು) ಲೆನ್ಸಲ್ಲಿ ಮೈನಸ್ 5.25ಕ್ಕೆ ಹೊರ ಅಂಚು ಹತ್ರ ಹತ್ರ 8 ಮಿಲಿಮೀಟರ್. ಅದೇ ಲೆನ್ಸು ಅವರ ಹಳೇ 48-19ರಲ್ಲಿ ಸುಮಾರು 6. ಎರಡು ಮಿಲಿಮೀಟರ್ ಅಂದ್ರೆ ಕೇಳೋಕೆ ಏನೂ ಅಲ್ಲ, ಮೂಗಿನ ಮೇಲೆ ದಿನವಿಡೀ ಹೊತ್ಕೊಂಡಾಗ ಗೊತ್ತಾಗುತ್ತೆ. 1.67 ಇಂಡೆಕ್ಸ್ ಹಾಕಿದ್ರೆ ದೊಡ್ಡ ಫ್ರೇಮಲ್ಲೂ ಐದೂವರೆಗೆ ಇಳಿಯುತ್ತೆ ನಿಜ, ಆದ್ರೆ ಚಿಕ್ಕ ಫ್ರೇಮಲ್ಲಿ ಅದೇ ಲೆನ್ಸ್ ನಾಲ್ಕರ ಆಸುಪಾಸು ಬರುತ್ತೆ. ಪೇಪರ್ ಮೇಲೆ ಗೀಟು ಹಾಕಿ ತೋರಿಸಿದ ಮೇಲೆ ಅವರೇ "ಅಯ್ಯೋ ಸೋಡಾ ಬಾಟಲಿ ತಳ ಆಗೋಗುತ್ತೆ" ಅಂದ್ರು.

ಇನ್ನೊಂದು, ಈ ಅಚ್ಚು ಹೊಯ್ದ ನೈಲಾನ್ ಫ್ರೇಮುಗಳನ್ನ ಬಿಸಿ ಮಾಡಿ ಬಗ್ಗಿಸೋದು ಕಷ್ಟ, ಬಗ್ಗಿಸಿದ್ರೂ ಮೆಲ್ಲಗೆ ಹಳೇ ಆಕಾರಕ್ಕೇ ವಾಪಸ್ ಹೋಗುತ್ತೆ. ಅತ್ತಿಗೆಗೆ ಬೇಕಿದ್ದ ಪ್ರೊಗ್ರೆಸಿವ್ ಲೆನ್ಸಿಗೆ, ಅಂದ್ರೆ ಮೇಲೆ ದೂರದ್ದು ಕೆಳಗೆ ಓದೋದು ಅಂತ ಪವರ್ ಮೆಲ್ಲಗೆ ಬದಲಾಗೋ ಲೆನ್ಸಿಗೆ, ಫ್ರೇಮ್ ಮುಖಕ್ಕೆ ಸರಿಯಾಗಿ ಕೂರ್ಲೇಬೇಕು, ಸ್ವಲ್ಪ ಜಾರಿದ್ರೆ ಓದೋ ಭಾಗ ಕೆಳಗೆ ಹೋಗಿ ಕತ್ತು ಎತ್ಕೊಂಡೇ ಓದ್ಬೇಕಾಗುತ್ತೆ. ಅಂತೂ ಬಲೆ ಫ್ರೇಮ್ ಅತ್ತಿಗೆಗೆ ಆಗ್ಲಿಲ್ಲ. ಅವರ ಮಗಳಿಗೆ ಪವರ್ ಇಲ್ಲ, ಬರೀ ಬಿಸಿಲಿಗೆ ಬೇಕಿತ್ತು, ಯುವಿ400 (ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ತಡೆಯೋ ಗುರುತು) ಅಂತ ಇದೆಯಾ ನೋಡ್ಕೊಂಡು ಅದನ್ನ ಅವಳು ತಗೊಂಡ್ಲು. ಪವರ್ ಇಲ್ದೋರಿಗೆ ಈ ಥರದ ಆಯ್ಕೆ ಎಷ್ಟು ಸಲೀಸು ನೋಡಿ.

ಮರದ ಫ್ರೇಮ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮರ ಬಗ್ಗಲ್ಲ, ಅಡ್ಜಸ್ಟ್ ಆಗಲ್ಲ, ಪ್ರೊಗ್ರೆಸಿವ್‌ಗೆ ನಾನಂತೂ ಹಾಕ್ಸಲ್ಲ. ಗಿಡ ನೆಡೋ ವಿಷಯ ಒಳ್ಳೇದು, ಆದ್ರೆ ನೆಟ್ಟ ಗಿಡ ಎಷ್ಟು ಉಳೀತು ಅನ್ನೋ ಲೆಕ್ಕ ಆ ಟ್ಯಾಗಲ್ಲಿ ಇರ್ಲಿಲ್ಲ, ಅಲ್ಲಿಗೇ ಬಿಟ್ವಿ.

ನಿಜವಾದ ಚರ್ಚೆ ಆಗಿದ್ದು ಒಂದು ಕೊಂಡ್ರೆ ಒಂದು ದಾನ ಅನ್ನೋದ್ರ ಮೇಲೆ. ಈ ಪದ್ಧತಿನ ಕನ್ನಡಕದಲ್ಲಿ ಎಲ್ಲರಿಗೂ ಪರಿಚಯ ಮಾಡಿಸಿದ್ದು ಅಮೆರಿಕದ ವಾರ್ಬಿ ಪಾರ್ಕರ್, 2010ರಲ್ಲಿ ಶುರುವಾಗಿದ್ದು. ಈವರೆಗೆ ಒಂದೂವರೆ ಕೋಟಿಗೂ ಜಾಸ್ತಿ ಕನ್ನಡಕ ಹಂಚಿದೀವಿ ಅಂತ ಕಂಪನಿ ಹೇಳುತ್ತೆ. ಅತ್ತಿಗೆ ತಲೇಲಿ ಇದ್ದ ಚಿತ್ರ ಏನಂದ್ರೆ ನಾನು ಒಂದು ತಗೊಂಡ್ರೆ ಅಂಥದ್ದೇ ಇನ್ನೊಂದನ್ನ ಪ್ಯಾಕ್ ಮಾಡಿ ಯಾರಿಗೋ ಕಳಿಸ್ತಾರೆ ಅಂತ. ಹಾಗಲ್ಲ. ವಿಷನ್‌ಸ್ಪ್ರಿಂಗ್ ಥರದ ಸಂಸ್ಥೆಗಳ ಮೂಲಕ ನಡೆಯುತ್ತೆ, ಅವರು ಊರಿನೋರಿಗೇ ಕಣ್ಣು ಪರೀಕ್ಷೆಯ ಮೂಲ ತರಬೇತಿ ಕೊಟ್ಟು, ತೀರಾ ಕಡಿಮೆ ಬೆಲೆಗೆ ಕನ್ನಡಕ ಮಾರೋ ವ್ಯವಸ್ಥೆ ಮಾಡ್ತಾರೆ. ಶಾಲೆ ಮಕ್ಕಳಿಗೆ ಬೇರೆ ಕಾರ್ಯಕ್ರಮಗಳಲ್ಲಿ ನೇರವಾಗಿ ಕೊಡೋದೂ ಇದೆ.

ಮಾರ್ತಾರೆ ಅಂತ ಕೇಳಿ ಅತ್ತಿಗೆ ಮುಖ ಸಪ್ಪಗಾಯ್ತು. "ದಾನ ಅಂತ ಹೇಳಿ ಬಡವರ ಹತ್ರ ದುಡ್ಡು ಈಸ್ಕೊಳ್ಳೋದಾ? ಇದು ಯಾವ ನ್ಯಾಯ?"

ಇಲ್ಲಿ ನಾನು ಅವರ ಜೊತೆ ಒಪ್ಪಲ್ಲ, ಅವತ್ತೂ ಒಪ್ಪಲಿಲ್ಲ. ಪುಕ್ಕಟೆ ಕೊಡೋದ್ರ ಎಡವಟ್ಟು ಏನು ಅನ್ನೋದಕ್ಕೆ ಟಾಮ್ಸ್ ಶೂ ಕಂಪನಿ ಉದಾಹರಣೆ ಇದೆ. 2006ರಲ್ಲಿ ಒಂದು ಜೊತೆ ಶೂ ಕೊಂಡ್ರೆ ಒಂದು ಜೊತೆ ಬಡ ಮಗುವಿಗೆ ಅಂತ ಶುರು ಮಾಡಿದ್ರು, 2011ರಲ್ಲಿ ಕನ್ನಡಕಕ್ಕೂ ತಂದ್ರು, ಅಲ್ಲಿ ಕನ್ನಡಕಾನೇ ಆಗ್ಬೇಕಿಲ್ಲ, ಆಪರೇಷನ್ನೋ ಔಷಧಿಯೋ ಏನು ಬೇಕೋ ಅದು. ಆಮೇಲೆ ಅವರ ಶೂ ದಾನದ ಪರಿಣಾಮನ ಅರ್ಥಶಾಸ್ತ್ರಜ್ಞರು ಎಲ್ ಸಾಲ್ವಡಾರಲ್ಲಿ ಅಳೆದು ನೋಡಿದ್ರು, ಕಂಪನಿ ಒಪ್ಪಿಗೆ ಕೊಟ್ಟು ಸಹಕರಿಸಿದ್ದು ಮೆಚ್ಚಬೇಕಾದ್ದೇ. ಮಕ್ಕಳ ಬದುಕಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಜೊತೆಗೆ ಶೂ ಸಿಕ್ಕ ಮಕ್ಕಳಲ್ಲಿ ನಮ್ಮ ಮನೆಗೆ ಬೇಕಾದ್ದನ್ನ ಹೊರಗಿನವರು ಕೊಡ್ಬೇಕು ಅನ್ನೋ ಭಾವನೆ ಸ್ವಲ್ಪ ಜಾಸ್ತಿ ಕಂಡಿತು. ಮುಂದೆ ಕಂಪನಿ ಒಂದಕ್ಕೊಂದು ಅನ್ನೋದನ್ನೇ ಬಿಟ್ಟು ಲಾಭದ ಮೂರನೇ ಒಂದು ಭಾಗ ಸಮಾಜ ಕೆಲಸಕ್ಕೆ ಅಂತ ಬದಲಾಯಿಸ್ತು.

ಕನ್ನಡಕದ ಕಥೆ ಶೂ ಥರ ಅಲ್ಲ ಅನ್ನೋದೂ ಸತ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರೆದ ದೃಷ್ಟಿ ವರದಿ ಪ್ರಕಾರ ಜಗತ್ತಲ್ಲಿ ಕನಿಷ್ಠ 220 ಕೋಟಿ ಜನಕ್ಕೆ ದೃಷ್ಟಿ ತೊಂದ್ರೆ, ಅದರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೀಬಹುದಾಗಿದ್ದು ಅಥವಾ ಇನ್ನೂ ಚಿಕಿತ್ಸೆ ಸಿಗದೇ ಇರೋದು. ಆ 100 ಕೋಟಿಯಲ್ಲಿ 82 ಕೋಟಿಗೂ ಹೆಚ್ಚು ಬರೀ ಚಾಳೀಸು ಇಲ್ಲದೋರು, ಅಂದ್ರೆ ನಲವತ್ತು ದಾಟಿ ಹತ್ತಿರದ್ದು ಮಂಜಾಗಿರೋರು. ಅತ್ತಿಗೆಗೆ ಈ ವರ್ಷ ಬಂದಿರೋ ತೊಂದ್ರೆಯೇ ಅದು! ಅಸ್ಸಾಂ ಟೀ ತೋಟದಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ಒಂದು ಅಧ್ಯಯನ ಆಯ್ತು, 2018ರಲ್ಲಿ ಪ್ರಕಟ ಆಗಿದ್ದು, ಹತ್ತಿರದ ಕನ್ನಡಕ ಕೊಟ್ಟೋರು ಕೀಳೋ ಎಲೆ ಪ್ರಮಾಣ ಕೊಡದೇ ಇದ್ದೋರಿಗಿಂತ 21.7 ಶೇಕಡಾ ಹೆಚ್ಚಾಯ್ತು. ಇಷ್ಟು ಸಣ್ಣ ವಸ್ತು, ಇಷ್ಟು ದೊಡ್ಡ ಫರಕು. ಹಾಗಾಗಿ ಕನ್ನಡಕ ಕೊಡೋದು ವ್ಯರ್ಥ ಅಂತ ನಾನು ಯಾವತ್ತೂ ಹೇಳಲ್ಲ, ಆದ್ರೆ ಪರೀಕ್ಷೆ ಮಾಡೋರು ಯಾರು, ಮುರಿದ್ರೆ ಯಾರ ಹತ್ರ ಹೋಗ್ಬೇಕು, ಎರಡು ವರ್ಷ ಆದ್ಮೇಲೆ ಪವರ್ ಬದಲಾದ್ರೆ ಆ ಊರಲ್ಲಿ ಯಾರಾದ್ರೂ ಇರ್ತಾರಾ, ಇದಕ್ಕೆ ಉತ್ತರ ಇರೋ ಕಡೆ ದುಡ್ಡು ಹೋಗ್ಬೇಕು. ಕಡಿಮೆ ಬೆಲೆಗೆ ಮಾರೋ ಒಬ್ಬ ಮನುಷ್ಯ ಊರಲ್ಲೇ ಉಳೀತಾನೆ, ಒಂದು ದಿನ ಲಾರೀಲಿ ತಂದು ಹಂಚಿ ಹೋದೋನು ಉಳಿಯಲ್ಲ. ಇದನ್ನ ಕೇಳಿ ಅತ್ತಿಗೆ ಸುಮ್ಮನಾದ್ರು, ಪೂರ್ತಿ ಒಪ್ಪಿದ್ರು ಅಂತ ಹೇಳಕ್ಕಾಗಲ್ಲ.

ಆಮೇಲೆ ಅವರು "ಹಂಗಾದ್ರೆ ನನ್ನ ಹಳೇದನ್ನ ದಾನದ ಡಬ್ಬಕ್ಕೆ ಹಾಕ್ಬಿಡ್ತೀನಿ" ಅಂದ್ರು. ಇದೊಂದು ದೊಡ್ಡ ಭ್ರಮೆ, ಬಹಳ ಜನಕ್ಕಿದೆ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ ದಾನ ಬಂದ 275 ಹಳೇ ಕನ್ನಡಕ ಪರೀಕ್ಷೆ ಮಾಡಿದಾಗ ಬಳಸೋ ಸ್ಥಿತೀಲಿ ಇದ್ದದ್ದು 7 ಶೇಕಡಾ. ಗೀರು, ಮುರುಕು, ವಿಚಿತ್ರ ಪವರ್. ಬಲಗಣ್ಣು ಮೈನಸ್ 5.25, ಎಡಗಣ್ಣು ಮೈನಸ್ 4.75, ಇಂತಿಷ್ಟು ಡಿಗ್ರಿಗೆ ಸಿಲಿಂಡರ್, ಪಿಡಿ 60 ಇರೋ ಇನ್ನೊಬ್ಬರನ್ನ ಎಲ್ಲಿ ಹುಡುಕೋದು? ತೊಳೆದು, ಅಳೆದು, ವಿಂಗಡಿಸಿ, ಸಾಗಿಸೋ ಖರ್ಚು ಹೊಸ ರೆಡಿಮೇಡ್ ಕನ್ನಡಕಕ್ಕಿಂತ ಜಾಸ್ತಿ ಬೀಳುತ್ತೆ. ನಿಮ್ಮ ಹಳೇ ಫ್ರೇಮಿಗೆ ಜಗತ್ತಲ್ಲಿ ಇರೋ ಅತಿ ಒಳ್ಳೆ ಯಜಮಾನಿ ನೀವೇ ಅತ್ತಿಗೆ, ಅದನ್ನ ಬಿಡ್ಬೇಡಿ ಅಂದೆ.

ನಾಲ್ಕನೇದು ಬಯೋ ಅಸಿಟೇಟ್. ಅಸಿಟೇಟ್ ಅನ್ನೋದೇ ಮರದ ತಿರುಳು ಇಲ್ಲಾ ಹತ್ತಿ ಬೀಜದ ಸಣ್ಣ ನಾರಿಂದ ಬರೋದು, ಅದಕ್ಕೆ ಮೆದು ಬರ್ಲಿ ಅಂತ ಪ್ಲಾಸ್ಟಿಸೈಸರ್ ಸೇರಿಸ್ತಾರೆ. ಮಾಮೂಲಿ ಅಸಿಟೇಟಲ್ಲಿ ಅದು ಥಾಲೇಟ್ ಅನ್ನೋ ರಾಸಾಯನಿಕ, ಬಯೋದಲ್ಲಿ ಗಿಡಮೂಲದ್ದು. ಇಟಲಿಯ ಮಾಜ್ಜುಕೆಲ್ಲಿ, 1849ರಿಂದ ಇರೋ ಕಂಪನಿ, ಇವರ ಎಂ49 ಅನ್ನೋ ಹಾಳೆ ಈ ಜಾತೀದೇ, ಹೆಸರಾಂತ ಬ್ರ್ಯಾಂಡ್‌ಗಳು ಇದನ್ನೇ ತಗೊಂಡು ಕತ್ತರಿಸ್ತಾರೆ. ಒಳ್ಳೆ ಮೆಟೀರಿಯಲ್, ನಾನೂ ಶಿಫಾರಸು ಮಾಡ್ತೀನಿ, ಬಿಸಿಗೆ ಬಗ್ಗುತ್ತೆ, ಪಾಲಿಶ್ ಆಗುತ್ತೆ. ಆದ್ರೆ ಅಸಿಟೇಟ್ ಫ್ರೇಮ್ ಮಾಡೋದು ಹಾಳೆ ಕೊರೆದು, ಹಾಳೆಯ ಬಹುಪಾಲು ಚೂರಾಗಿ ಉದುರುತ್ತೆ, ಆ ಚೂರು ಏನಾಯ್ತು ಅನ್ನೋದು ಬಯೋ ಅನ್ನೋ ಸ್ಟಿಕ್ಕರಿಗಿಂತ ಮುಖ್ಯವಾದ ಪ್ರಶ್ನೆ. ಇನ್ನು ಹರಳೆಣ್ಣೆಯಿಂದ ಮಾಡೋ ನೈಲಾನ್ ಫ್ರೇಮುಗಳೂ ಇವೆ, ಬೀಜದಿಂದ ಬಂತು ಅಂದ ಮಾತ್ರಕ್ಕೆ ಮಣ್ಣಲ್ಲಿ ಕರಗಲ್ಲ, ಜನ ಅದನ್ನೂ ಕಲಸ್ಕೊಂಡು ಬಿಡ್ತಾರೆ.

ಫ್ರೇಮಿನ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋ ನಾವು ಲೆನ್ಸ್ ಬಗ್ಗೆ ಮಾತೇ ಆಡಲ್ಲ. ಸಿಆರ್-39, ಅಂದ್ರೆ ಮಾಮೂಲಿ ಪ್ಲಾಸ್ಟಿಕ್ ಲೆನ್ಸ್, ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗಿಸಕ್ಕಾಗದ ಜಾತಿ, ಹೈ ಇಂಡೆಕ್ಸಿಂದೂ ಹಂಗೇ. ಫ್ರೇಮಿಗೆ ಕೂರಿಸೋಕೆ ಅಂಚು ಕೊರೆದಾಗ ಬರೋ ಪುಡಿ ನೀರಿನ ಜೊತೆ ಹೋಗುತ್ತೆ, ಫಿಲ್ಟರ್ ಇದ್ರೆ ಅದರಲ್ಲಿ ನಿಲ್ಲುತ್ತೆ. ಹೊಸ ಫ್ರೇಮ್ ಜೊತೆ ಬರೋ ಬ್ರ್ಯಾಂಡ್ ಹೆಸರು ಅಚ್ಚಾದ ಡಮ್ಮಿ ಲೆನ್ಸ್ ಇರುತ್ತಲ್ಲ, ಅದನ್ನ ಕಿತ್ತು ಬುಟ್ಟಿಗೆ ಹಾಕೋದೇ ನಮ್ಮ ಕೆಲಸದ ಮೊದಲ ಹೆಜ್ಜೆ, ಪರಿಸರ ಸ್ನೇಹಿ ಫ್ರೇಮಿಂದೂ ಅದೇ ಗತಿ.

ಕೊನೆಗೆ ಕೂತು ಒಂದು ಇಮೇಲ್ ಬರೆದ್ವಿ, ಅತ್ತಿಗೆಗೆ ಅಳತೆ ಹೊಂದೋ ಮಾಡೆಲ್ ಇದ್ದ ಮೂರು ಕಂಪನಿಗೆ. ಅಕೌಂಟ್ಸ್‌ನೋರು ಅಲ್ವಾ, ಪ್ರಶ್ನೆ ಚೆನ್ನಾಗಿ ಹಾಕಿದ್ರು. ನೀವು ಕೊಡೋದು ಮಾರಾಟದ ಮೇಲಿನ ಪಾಲಾ ಲಾಭದ ಮೇಲಿನ ಪಾಲಾ? ಯಾವ ಸಂಸ್ಥೆಗೆ, ಅವರು ವರ್ಷದ ವರದಿ ಹಾಕ್ತಾರಾ? ಮರುಬಳಕೆ ಪ್ಲಾಸ್ಟಿಕ್ ಅಂತೀರಲ್ಲ, ಮುಂಭಾಗ ಮಾತ್ರನಾ ಕಡ್ಡಿನೂನಾ, ಜನ ಬಳಸಿ ಎಸೆದದ್ದಾ ಇಲ್ಲಾ ಫ್ಯಾಕ್ಟರಿ ಚೂರಾ? ಈ ಮಾಡೆಲ್ ನಿಂತುಹೋದ್ಮೇಲೆ ಹಿಂಜು, ಕಡ್ಡಿ ಎಷ್ಟು ವರ್ಷ ಸಿಗುತ್ತೆ?

ಮೊದಲ ಪ್ರಶ್ನೆ ಸಣ್ಣದು ಅನ್ಸುತ್ತೆ, ಅಲ್ಲೇ ಇರೋದು ಮಜಾ. ಲಾಭ ಇಲ್ಲದ ವರ್ಷ ಲಾಭದ ಪಾಲು ಸೊನ್ನೆ. 2002ರಲ್ಲಿ ಶುರುವಾದ ಒನ್ ಪರ್ಸೆಂಟ್ ಫಾರ್ ದಿ ಪ್ಲಾನೆಟ್ ಅನ್ನೋ ಒಕ್ಕೂಟ ಅದಕ್ಕೇ ಮಾರಾಟದ ಒಂದು ಶೇಕಡಾ ಅಂತ ಇಟ್ಟಿದೆ. ಸಮಾಜ, ಪರಿಸರದ ವಿಷಯದಲ್ಲಿ ಕಂಪನಿಗಳನ್ನ ಅಳೆದು ಕೊಡೋ ಬಿ ಕಾರ್ಪ್ ಮುದ್ರೆ ಇದ್ರೆ ಅದು ಕಂಪನಿಯ ಒಟ್ಟು ನಡವಳಿಕೆಗೆ, ನಿಮ್ಮ ಕೈಲಿರೋ ಫ್ರೇಮಿಗಲ್ಲ. ಯುರೋಪಲ್ಲಿ ಒಂದು ಹೊಸ ನಿಯಮ 2026ರ ಸೆಪ್ಟೆಂಬರ್ 27ರಿಂದ ಜಾರಿ ಅಂತ ಇಟ್ಟಿದಾರೆ, ಪುರಾವೆ ಇಲ್ದೆ ಪರಿಸರ ಸ್ನೇಹಿ ಅಂತ ಬರೀ ಬಾಯಿಮಾತಲ್ಲಿ ಹಾಕೋ ಹಾಗಿಲ್ಲ, ಬೇರೆಲ್ಲೋ ಕಾರ್ಬನ್ ಕ್ರೆಡಿಟ್ ಕೊಂಡು ಈ ವಸ್ತು ಕಾರ್ಬನ್ ಮುಕ್ತ ಅಂತಾನೂ ಹೇಳೋ ಹಾಗಿಲ್ಲ. ಅಲ್ಲಿ ಮಾರೋ ಬ್ರ್ಯಾಂಡ್‌ಗಳ ಟ್ಯಾಗ್ ಭಾಷೆ ಬದಲಾಗ್ಲೇಬೇಕು.

ಉತ್ತರದ ಕಥೆ ಕೇಳಿ. ಒಂದು ಕಂಪನಿ ಉತ್ತರಾನೇ ಕೊಡ್ಲಿಲ್ಲ. ಇನ್ನೊಂದು ನಮ್ಮ ಗ್ರಹವನ್ನ ನಾವು ಪ್ರೀತಿಸ್ತೀವಿ ಅನ್ನೋ ಥರದ ಪುಟಗಟ್ಟಲೆ ಕಳಿಸ್ತು, ಅಷ್ಟರಲ್ಲಿ ಕೇಳಿದ ಒಂದಕ್ಕೂ ಜವಾಬಿಲ್ಲ. ಮೂರನೇದು ಚಿಕ್ಕದಾಗಿ ಬರೀತು: ಮಾರಾಟದ ಮೇಲೆ ಇಂತಿಷ್ಟು, ಈ ಸಂಸ್ಥೆಗೆ, ಅವರ ವರದಿ ಇಲ್ಲಿದೆ, ಮುಂಭಾಗ ಮತ್ತು ಕಡ್ಡಿ ಬಯೋ ಅಸಿಟೇಟ್, ಹಿಂಜ್ ಲೋಹದ್ದು, ಬಿಡಿಭಾಗ ಕಡೇ ಪಕ್ಷ ಐದು ವರ್ಷ ಇಡ್ತೀವಿ, ಡಮ್ಮಿ ಲೆನ್ಸಿಗೆ ಇನ್ನೂ ನಮ್ಮ ಹತ್ರ ದಾರಿ ಇಲ್ಲ. ಆ ಕೊನೇ ಸಾಲು ಓದಿದ ಮೇಲೆ ನನಗೆ ಮಿಕ್ಕಿದ್ದರ ಮೇಲೂ ನಂಬಿಕೆ ಬಂತು. ಹೆಸರು ಇಲ್ಲಿ ಹಾಕಲ್ಲ, ಜಾಹೀರಾತು ಆಗುತ್ತೆ.

ಹಾಗಾಗಿ ತಗೊಂಡಿದ್ದು ಆ ಮೂರನೇ ಕಂಪನೀದು, 49-18, ಒಳಗಡೆ ಅಚ್ಚುಕಟ್ಟಾದ ಸ್ಕ್ರೂ ಹಿಂಜು, ಪ್ರೊಗ್ರೆಸಿವ್ 1.67. ಹಳೇ ಫ್ರೇಮಿಗೆ ಹಿಂಜ್ ಬದಲಾಯಿಸಿ, ಬೂದು ಹಿಡಿದ ಜಾಗ ಉಜ್ಜಿ ಪಾಲಿಶ್ ಹಾಕಿ, ಬರೀ ಕಂಪ್ಯೂಟರ್ ದೂರಕ್ಕೆ ಅಂತ ಬೇರೆ ಲೆನ್ಸ್ ಹಾಕಿದ್ವಿ. ಹಳೇ ಅಸಿಟೇಟ್ ಒಣಗಿರುತ್ತೆ, ಬಿಸಿ ಮಾಡಿ ಲೆನ್ಸ್ ಕೂರಿಸುವಾಗ ಕೆಲವೊಮ್ಮೆ ಟಕ್ ಅಂತ ಒಡೆದುಬಿಡುತ್ತೆ, ಒಡೆದ್ರೆ ಬೈಬೇಡಿ ಅಂತ ಮೊದಲೇ ಹೇಳಿದ್ದೆ, ಒಡೀಲಿಲ್ಲ. ಎರಡನೇ ಹೊಸ ಫ್ರೇಮಿನ ಖರ್ಚು ಉಳೀತಲ್ಲ, ಆ ದುಡ್ಡನ್ನ ಅತ್ತಿಗೆ ಕಣ್ಣು ಪರೀಕ್ಷೆ ಶಿಬಿರ ನಡೆಸೋ ಒಂದು ಸಂಸ್ಥೆಗೆ ಸೀದಾ ಕಳಿಸಿದ್ರು. ಯಾವ ಕಂಪನೀನೂ ಒಂದು ಕನ್ನಡಕದ ಮೇಲೆ ಅಷ್ಟು ಪಾಲು ದಾನಕ್ಕೆ ಎತ್ತಿಡಲ್ಲ, ಇದು ನನ್ನ ಅಂದಾಜು, ಆದ್ರೆ ಈ ವ್ಯಾಪಾರ ಗೊತ್ತಿರೋರು ಯಾರೂ ಇಲ್ಲ ಅನ್ನಲ್ಲ.

ಪ್ರೊಗ್ರೆಸಿವ್‌ಗೆ ಹೊಂದ್ಕೊಳ್ಳೋಕೆ ಸ್ವಲ್ಪ ಸಮಯ ಹಿಡೀತು, ಮೆಟ್ಟಿಲು ಇಳೀಬೇಕಾದ್ರೆ ಕೆಳಗೆ ತೇಲಾಡಿದಂಗೆ ಆಗುತ್ತೆ ಅಂತ ಫೋನ್ ಬಂತು, ಕಣ್ಣು ಮಾತ್ರ ಇಳಿಸ್ಬೇಡಿ, ಗದ್ದ ಇಳಿಸಿ ನೋಡಿ ಅಂತ ಹೇಳಿದ್ಮೇಲೆ ಸರಿಹೋಯ್ತು. ಎಡಗಡೆ ಕಡ್ಡಿ ಸ್ವಲ್ಪ ಬಿಗಿ ಇತ್ತು, ಬಿಸಿ ಮಾಡಿ ಒಂಚೂರು ಅಗಲಿಸಿದೆ. ಕಂಪ್ಯೂಟರ್ ಕನ್ನಡಕ ಆಫೀಸಲ್ಲೇ ಇರುತ್ತೆ. ಐದು ವರ್ಷ ಅಂದಿದಾರಲ್ಲ, ಅದನ್ನ ನಂಬ್ಕೊಂಡು ಕೂರೋದ್ಯಾಕೆ ಅಂತ ಅತ್ತಿಗೆ ಆ ಮಾಡೆಲ್ಲಿನ ಒಂದು ಜೊತೆ ಹಿಂಜು, ನಾಲ್ಕು ಸ್ಕ್ರೂ ಈಗಲೇ ತರಿಸಿ ಕನ್ನಡಕದ ಡಬ್ಬಿ ಒಳಗೆ ಕವರಲ್ಲಿ ಹಾಕಿ ಇಟ್ಕೊಂಡಿದಾರೆ.